ಕಂಚಿನ ಸೌಧದ ಶಿಲ್ಪಿ

ನ್ಯೂಯಾರ್ಕ್ ನಗರದ ಪಾರ್ಕ್ ಅವೆನ್ಯೂ ಎಂಬ ರಾಜಮಾರ್ಗದಲ್ಲಿ 38 ಅಂತಸ್ತುಗಳ ಕಂದುಬಣ್ಣದ ಸೌಧವೊಂದಿದೆ. ಸೀಗ್ರಾಂ ಎಂಬ ಮದ್ಯವ್ಯಾಪಾರದ ಕಂಪೆನಿಯ ಕಛೇರಿಗಾಗಿ ಅದು 1958ರಲ್ಲಿ ಪೂರ್ಣಗೊಂಡಿತು. ಲೋಕದ ಅಸಂಖ್ಯಾತ ಕಛೇರಿಗಳಿಗೆ ಮೇಲ್ಪಂಕ್ತಿಯಾದ ಆ ಸೌಧವನ್ನು ಕಲ್ಪಿಸಿದ ಮೀಸ್ ವಾನ್ ಡರ್ ರೋಹೆಯ ಚರಿತ್ರೆಯು ನಮ್ಮ ವಾಚಕರು ಮನನಮಾಡತಕ್ಕದ್ದೆಂದು ನಾವು ಭಾವಿಸುತ್ತೇವೆ.

ಈತನು 1886ರಲ್ಲಿ ಜರ್ಮನಿಯ ಆಖೆನ್ ಪಟ್ಟಣದಲ್ಲಿ ಕಲ್ಲುಕೆಲಸದವನ ಮಗನಾಗಿ ಜನಿಸಿದನು. ವಾಸ್ತುವಿದ್ಯೆಯ ಪದವಿಯನ್ನು ಪಡೆದವನಲ್ಲ. ತಂದೆಯ ಕೆಲಸದ ಕೊಟ್ಟಿಗೆಯೇ ಮೊದಲ ಪಾಠಶಾಲೆ. ತರುವಾಯ ಬರ್ಲಿನ್ ಸೇರಿ, ಪೀಟರ್ ಬೆಹ್ರೆನ್ಸನ ಕೈಕೆಳಗೆ ಪಳಗಿದನು. 1929ರ ಬಾರ್ಸಿಲೋನಾ ಪ್ರದರ್ಶನದಲ್ಲಿ ಜರ್ಮನಿಗಾಗಿ ನಿರ್ಮಿಸಿದ ಮಂಟಪವು ಈತನ ಕೀರ್ತಿಯನ್ನು ಹರಡಿತು. 1930ರಲ್ಲಿ ಬೌಹೌಸ್ ಕಲಾಶಾಲೆಯ ಮುಖ್ಯಸ್ಥನಾದನು. ನಾಜಿಗಳ ಉಪದ್ರವದಿಂದ 1933ರಲ್ಲಿ ಆ ಶಾಲೆಯು ಮುಚ್ಚಿತು. ಹಾಗಿದ್ದೂ ಮರುವರ್ಷವೇ ಹಿಟ್ಲರನನ್ನು ಬೆಂಬಲಿಸುವ ಕಲಾವಿದರ ಮನವಿಗೆ ಈತನು ರುಜು ಹಾಕಿದನು. ಗುಣಗಳನ್ನು ಹೊಗಳುವ ನಾವು ಈ ಕಳಂಕವನ್ನು ಮರೆಮಾಚಲಾರೆವು. 1938ರಲ್ಲಿ ಅಮೇರಿಕೆಗೆ ವಲಸೆಹೋಗಿ, ಚಿಕಾಗೋ ನಗರದಲ್ಲಿ ಅಧ್ಯಾಪಕನಾಗಿ ನೆಲಸಿದನು.

ಸೀಗ್ರಾಂ ಒಡೆಯನಾದ ಸ್ಯಾಮ್ಯುಯೆಲ್ ಬ್ರಾನ್ಫ್‌ಮನ್ ಮೊದಲು ಬೇರೊಂದು ನಕ್ಷೆಯನ್ನು ಮಾಡಿಸಿದ್ದನು. ಮಗಳು ಫಿಲಿಸ್ ಲ್ಯಾಂಬರ್ಟ್ ಅದನ್ನು ಖಂಡಿಸಿ, ತಂದೆಯ ಮನವೊಲಿಸಿ, ಈ ಕಾರ್ಯವು ಮೀಸನ ಪಾಲಿಗೆ ಬರುವಂತೆ ಮಾಡಿದಳು. ಅಂಗುಲ ಅಂಗುಲಕ್ಕೂ ಬೆಲೆಯುಳ್ಳ ಆ ನೆಲದಲ್ಲಿ ಮೀಸನು ಕಟ್ಟಡವನ್ನು ಮಾರ್ಗದಿಂದ ಸುಮಾರು 90 ಅಡಿ ಹಿಂದಕ್ಕೆ ಸರಿಸಿ, ಮುಂದೆ ಕಲ್ಲುಹಾಸಿನ ಅಂಗಳವನ್ನು ದಾರಿಹೋಕರಿಗೆ ಬಿಟ್ಟುಕೊಟ್ಟನು. ಇಂಥ ಅಂಗಳ ಬಿಡುವವರಿಗೆ ಹೆಚ್ಚು ಕಟ್ಟಲು ಅನುಮತಿ ಕೊಡುವ ನಿಯಮವನ್ನು ನಗರವು 1961ರಲ್ಲಿ ಮಾಡಿತು.

ಕಟ್ಟಡದ ಅಸ್ಥಿಪಂಜರವು ಮರೆಯಿಲ್ಲದೆ ಕಾಣಬೇಕೆಂಬುದು ಮೀಸನ ವ್ರತ. ಆದರೆ ಬೆಂಕಿಯ ಭಯದಿಂದ ಉಕ್ಕಿನ ಕಂಬಗಳನ್ನು ಕಾಂಕ್ರೀಟಿನಲ್ಲಿ ಹುದುಗಿಸಬೇಕೆಂದು ಕಾಯಿದೆಯಿತ್ತು. ಆದಕಾರಣ ಒಳಗಿನ ಉಕ್ಕನ್ನು ಸೂಚಿಸಲು ಹೊರಮೈಗೆ ಕಂಚಿನ ತೊಲೆಗಳನ್ನು ಜೋಡಿಸಿದನು. ಅವು ಸೌಧದ ಭಾರವನ್ನು ಹೊರುವುದಿಲ್ಲ. ಅಲಂಕಾರವನ್ನು ತ್ಯಜಿಸಿದವನೇ ಅಲಂಕಾರ ತೊಡಿಸಿದನೆಂದು ಟೀಕಿಸುವವರುಂಟು. ಮರೆಯಾದ ಸತ್ಯವನ್ನು ಹೊರಗೆ ಸಾರಲು ಮಾಡಿದ ಅಲಂಕಾರವು ಮೋಸವಲ್ಲವೆಂಬುದೇ ನಮ್ಮ ಮತ.

1969ರ ಆಗಸ್ಟ್ 17ರಂದು ಮೀಸನು ಚಿಕಾಗೋದಲ್ಲಿ ತೀರಿಕೊಂಡನು. ಈತನ ಗಾಜನ್ನು ಲೋಕವೆಲ್ಲ ಅನುಕರಿಸಿತು. ಬಿಸಿಲಿನ ನಾಡುಗಳಲ್ಲಿಯೂ ಗಾಜಿನ ಪೆಟ್ಟಿಗೆಗಳನ್ನು ನಿಲ್ಲಿಸಿ, ತಂಪುಯಂತ್ರಗಳಿಗೆ ಹಣ ಸುರಿಯುವವರಾದರು. ನಮ್ಮ ಬೆಂಗಳೂರೂ ಇದಕ್ಕೆ ಹೊರತಲ್ಲ. ಕಲಿಯಬೇಕಾದುದು ಗಾಜನ್ನಲ್ಲ, ಅಂಗಳವನ್ನು. ಧನಿಕನ ನೆಲದಲ್ಲಿ ದಾರಿಹೋಕನಿಗೂ ಪಾಲುಂಟೆಂಬ ಆ ಔದಾರ್ಯವನ್ನು.