ದಂಡು ಕಟ್ಟಿದ ಹೈದರಾಲಿ

ನಮ್ಮ ಇಟಗಿಯು ರೋಣದ ಎರೆನಾಡಿನಲ್ಲಿದೆ. ಕೊಪ್ಪಳದ ಕಡೆ ಮಹಾದೇವ ದೇವಾಲಯವಿರುವ ಇಟಗಿ ಬೇರೆ; ನಮ್ಮದು ಭೀಮಾಂಬಿಕೆಯ ಇಟಗಿ. ಒಂದು ಕಡೆಗೆ ನರಗುಂದದ ಗುಡ್ಡ, ಇನ್ನೊಂದು ಕಡೆಗೆ ಗಜೇಂದ್ರಗಡದ ಕೋಟೆ. 1858ರಲ್ಲಿ ಆಂಗ್ಲರ ವಿರುದ್ಧ ಎದ್ದ ನರಗುಂದದ ಬಾಬಾಸಾಹೇಬನ ಚರಿತ್ರೆಯನ್ನು ನಮ್ಮ ಭಾಗದ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಅದಕ್ಕೂ 80 ವರ್ಷ ಮೊದಲು, 1778ರಲ್ಲಿ, ಅದೇ ನರಗುಂದವು ಹೈದರಾಲಿಗೆ ಕಪ್ಪ ಕೊಡುವ ಸಂಸ್ಥಾನವಾಗಿತ್ತೆಂಬುದು ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. ದೂರದ ಶ್ರೀರಂಗಪಟ್ಟಣದಿಂದ ಕೃಷ್ಣಾತೀರದವರೆಗೆ ಕೈ ಚಾಚಿದ ಈ ಪುರುಷನು ಅರಸುಮನೆತನದವನಲ್ಲ. ಓದು ಬರಹ ಬಲ್ಲವನೂ ಅಲ್ಲ. ಅವನಿಗೆ ಅಷ್ಟು ಜನರು ಎಲ್ಲಿಂದ ದೊರೆತರು? ದೊರೆತವರನ್ನು ಅವನು ಹೇಗೆ ಉಳಿಸಿಕೊಂಡನು? ಯುದ್ಧಗಳ ತೇದಿಗಳನ್ನು ನಾವು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತೇವೆ. ಈ ಪ್ರಶ್ನೆಯನ್ನು ಕೇಳುವುದು ಅಪರೂಪ. ಆದುದರಿಂದ ಹೈದರನ ಜೀವನವನ್ನು ಈ ಒಂದೇ ದೃಷ್ಟಿಯಿಂದ ಹೇಳಲು ಯತ್ನಿಸಿದ್ದೇನೆ.

ಹೈದರನು 1720ರ ಸುಮಾರಿಗೆ ಕೋಲಾರ ಸೀಮೆಯ ಬೂದಿಕೋಟೆಯಲ್ಲಿ ಹುಟ್ಟಿದನು. ಅವನ ತಂದೆ ಫತೇ ಮಹಮ್ಮದನು ಶಿರಾದ ಸುಬೇದಾರನ ಸೇವೆಯಲ್ಲಿದ್ದು ಯುದ್ಧದಲ್ಲಿ ಮಡಿದನು. ತಂದೆ ಸತ್ತ ಮೇಲೆ ಹಣ ವಸೂಲಿಗಾಗಿ ದೊಡ್ಡಬಳ್ಳಾಪುರದ ಜಹಗೀರುದಾರನು ಆ ಎಳೆಯ ಮಕ್ಕಳನ್ನೇ ಹಿಂಸಿಸಿದನು. ಮುಂದೆ ಅಣ್ಣ ಶಹಬಾಜನು ಮೈಸೂರಿನ ಸೇವೆಗೆ ಸೇರಿದನು. ಅವನ ಬೆನ್ನಿಗೆ ಹೈದರನೂ ಬಂದನು. 1749ರ ದೇವನಹಳ್ಳಿಯ ಮುತ್ತಿಗೆಯಲ್ಲಿ ಅವನು ತೋರಿದ ಧೈರ್ಯವನ್ನು ಕಂಡು ಸರ್ವಾಧಿಕಾರಿ ನಂಜರಾಜನು ಅವನಿಗೆ 50 ಕುದುರೆ ಸವಾರರನ್ನೂ 200 ಕಾಲಾಳುಗಳನ್ನೂ ಕೊಟ್ಟು, ಇನ್ನಷ್ಟು ಜನರನ್ನು ಕೂಡಿಸಿಕೊಳ್ಳಲು ಅಪ್ಪಣೆಯಿತ್ತನು. ಮುಂದಿನ ಸಾಮ್ರಾಜ್ಯಕ್ಕೆ ಈ 250 ಜನರೇ ಬೀಜ.

ಜನರನ್ನು ಕೂಡಿಸಲು ಹಣ ಬೇಕು. 1750ರ ಡಿಸೆಂಬರಿನಲ್ಲಿ ನಾಸಿರ್ ಜಂಗನು ತನ್ನವರಿಂದಲೇ ಕೊಲೆಯಾದಾಗ ಅವನ ಪಾಳೆಯವು ಚೆಲ್ಲಾಪಿಲ್ಲಿಯಾಯಿತು. ಆ ಗೊಂದಲದಲ್ಲಿ ಹೈದರನ ಬೇಡರು ಚಿನ್ನ ಹೊತ್ತ ಒಂಟೆಗಳನ್ನು ಹೊಡೆದುಕೊಂಡು ಬಂದರು. ಈ ಹಣವನ್ನು ಹೈದರನು ಹೊಸ ಜನರನ್ನು ಸೇರಿಸಲು ಬಳಸಿದನು. ಫ್ರೆಂಚರ ಪಾಳೆಯದಿಂದ ತಪ್ಪಿಸಿಕೊಂಡು ಬಂದ ಸಿಪಾಯಿಗಳಿಂದ ತನ್ನವರಿಗೆ ಕವಾಯತು ಕಲಿಸಿದನು. ಅವನ ಬೇಡರು ಸುಲಿದು ತಂದುದರಲ್ಲಿ ಅರ್ಧ ಅವರಿಗೆ, ಅರ್ಧ ಹೈದರನಿಗೆ. ಈ ಲೆಕ್ಕವನ್ನಿಡಲು ಖಂಡೇರಾಯನೆಂಬ ಚತುರ ಬ್ರಾಹ್ಮಣನಿದ್ದನು. ಬರೆಯಲಾರದವನು ಬರೆಯಬಲ್ಲವನನ್ನು ಪಕ್ಕದಲ್ಲಿಟ್ಟುಕೊಂಡನು. ಆದರೆ ಬಾಯಿಲೆಕ್ಕದಲ್ಲಿಯೂ ನೆನಪಿನಲ್ಲಿಯೂ ಹೈದರನನ್ನು ಮೀರಿಸಿದವರು ಕಡಿಮೆ.

1755ರಲ್ಲಿ ಅವನು ದಿಂಡಿಗಲ್ಲಿನ ಫೌಜುದಾರನಾದನು. ಅಲ್ಲಿಯ ಎರಡು ಸಂಗತಿಗಳನ್ನು ಇತಿಹಾಸಕಾರ ವಿಲ್ಕ್ಸನು ಹೇಳುತ್ತಾನೆ. ಗಾಯಾಳುಗಳಿಗೆ ಕೊಡುವ ಹಣವನ್ನು ತರಲು ಶ್ರೀರಂಗಪಟ್ಟಣದಿಂದ ಅಧಿಕಾರಿ ಬಂದಾಗ, ನಿಜವಾಗಿ ಗಾಯಗೊಂಡವರು 67 ಜನ. ಅರಿಶಿನದ ಬಟ್ಟೆ ಸುತ್ತಿಕೊಂಡು ನಿಂತವರು 700 ಜನ. ಇನ್ನೊಮ್ಮೆ ಹಾಜರಿ ತೆಗೆಯುವಾಗ ಎಣಿಸಿದವರನ್ನೇ ಸುತ್ತಿಸಿ ತಂದು 10,000 ಜನರನ್ನು 18,000 ಎಂದು ತೋರಿಸಲಾಯಿತು. ವಿಲ್ಕ್ಸನು ಆಂಗ್ಲನು, ಶತ್ರುಪಕ್ಷದವನ ಮಾತನ್ನು ಎಚ್ಚರದಿಂದಲೇ ಓದಬೇಕು. ಆದರೂ ಒಂದು ಮಾತು ಇದರಿಂದ ಸ್ಪಷ್ಟವಾಗುತ್ತದೆ. ಹಾಜರಿ ಪುಸ್ತಕದಲ್ಲಿರುವ ದಂಡು ಬೇರೆ, ಬಯಲಿನಲ್ಲಿ ನಿಂತ ದಂಡು ಬೇರೆ ಎಂಬ ಮರ್ಮವನ್ನು ಹೈದರನು ಬಹು ಬೇಗ ಅರಿತನು. ಇತರರನ್ನು ಹೀಗೆ ವಂಚಿಸಿದವನು ಮುಂದೆ ತಾನು ಒಡೆಯನಾದಾಗ ಇಂಥ ವಂಚನೆಗೆ ಸುಲಭವಾಗಿ ಬಲಿಯಾಗಲಿಲ್ಲ.

ಅವನ ಭಾಗ್ಯವನ್ನು ತೆರೆದುದು ರಣರಂಗವಲ್ಲ, ಸಂಬಳದ ಬಾಕಿ. 1758ರಲ್ಲಿ ಮೈಸೂರಿನ ಸೈನಿಕರು ಸಂಬಳ ಬರಲಿಲ್ಲವೆಂದು ನಂಜರಾಜನ ಬಾಗಿಲಲ್ಲಿ ಧರಣಿ ಕುಳಿತರು. ಹೈದರನು ದಿಂಡಿಗಲ್ಲಿನಿಂದ ಬಂದು, ಖಂಡೇರಾಯನಿಂದ ಲೆಕ್ಕವನ್ನು ಶೋಧಿಸಿ, ಸುಳ್ಳು ಬಾಕಿಗಳನ್ನು ಹೊಡೆದುಹಾಕಿ, ನ್ಯಾಯವಾದ ಬಾಕಿಯನ್ನು ತೀರಿಸಿದನು. ಸೈನಿಕರು ಅನ್ನ ಕೊಟ್ಟವನನ್ನು ಮರೆಯಲಿಲ್ಲ. 1760ರಲ್ಲಿ ಅದೇ ಖಂಡೇರಾಯನು ತಿರುಗಿಬಿದ್ದಾಗ ಹೈದರನು ಕೆಲವೇ ಸವಾರರೊಡನೆ ರಾತ್ರಿ ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಓಡಬೇಕಾಯಿತು. ಎಲ್ಲವನ್ನೂ ಕಳೆದುಕೊಂಡವನು ಮತ್ತೆ ಜನರನ್ನು ಕೂಡಿಸಿ, ಮರುವರ್ಷವೇ ಮೈಸೂರಿನ ನಿಜವಾದ ಒಡೆಯನಾದನು. 1763ರಲ್ಲಿ ಬಿದನೂರು ಕೈಸೇರಿತು. ಅಲ್ಲಿಯ ಭಂಡಾರವು ಅವನ ದಂಡಿಗೆ ಅನೇಕ ವರ್ಷಗಳ ಅನ್ನವಾಯಿತು.

ಅವನ ದಂಡಿನಲ್ಲಿ ಎಲ್ಲರೂ ಒಂದೇ ಬಗೆಯವರಾಗಿರಲಿಲ್ಲ. ಸರಕಾರದ ಕುದುರೆ ಏರುವವರು, ತಮ್ಮದೇ ಕುದುರೆ ತಂದು ಸೇರುವ ಸಿಲ್ಲೇದಾರರು, ಕವಾಯತು ಕಲಿತ ಬಂದೂಕಿನ ಕಾಲಾಳುಗಳು, ಬಾಣ ಬಿಡುವವರು, ಇವರೊಡನೆ ಕಂದಾಚಾರದ ಜನ. ಈ ಕಂದಾಚಾರದವರು ಶಾಂತಿಕಾಲದಲ್ಲಿ ಊರಿನಲ್ಲಿದ್ದು ಹೊಲ ಉತ್ತು, ಕೋಟೆ ಕಾಯುತ್ತಿದ್ದರು. ಕರೆ ಬಂದಾಗ ಆಯುಧ ಹಿಡಿಯುತ್ತಿದ್ದರು. ವರ್ಷವಿಡೀ ಎಲ್ಲರಿಗೂ ಪೂರ್ಣ ಸಂಬಳ ಕೊಟ್ಟರೆ ಬೊಕ್ಕಸ ಉಳಿಯದು. ಎಲ್ಲರನ್ನೂ ನೇಗಿಲಿಗೆ ಬಿಟ್ಟರೆ ನಾಡು ಉಳಿಯದು. ಈ ಎರಡರ ನಡುವಿನ ತೂಕವೇ ಹೈದರನ ರಾಜ್ಯತಂತ್ರ. ಎತ್ತುಗಳನ್ನೂ ಅವನು ಸೈನ್ಯವೆಂದೇ ಎಣಿಸಿದನು. ಮೈಸೂರು ಅರಸರ ಕಾಲದಿಂದ ಬಂದ ಹಿಂಡುಗಳನ್ನು ಬೆಳೆಸಿದನು. ಮುಂದೆ ಟಿಪ್ಪುವು ಅವಕ್ಕೆ ಅಮೃತಮಹಲು ಎಂದು ಹೆಸರಿಟ್ಟನು. ಎತ್ತು ಎಳೆಯದಿದ್ದರೆ ತೋಪು ಕದಲದೆಂಬುದನ್ನು ನಮ್ಮ ಎರೆಹೊಲದ ರೈತನಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಎಷ್ಟು ಜನರನ್ನು ಕರೆದೊಯ್ಯಬೇಕು ಎಂಬಂತೆಯೇ ಎಷ್ಟು ಜನರನ್ನು ಬಿಟ್ಟು ಹೋಗಬೇಕು ಎಂಬುದೂ ಅವನಿಗೆ ತಿಳಿದಿತ್ತು. 1769ರಲ್ಲಿ ಭಾರವಾದ ಸೈನ್ಯವನ್ನೆಲ್ಲ ಹಿಂದಕ್ಕೆ ಕಳುಹಿಸಿ, ಆಯ್ದ 6,000 ಸವಾರರೊಡನೆ ಮೂರೂವರೆ ದಿನಗಳಲ್ಲಿ 130 ಮೈಲಿ ಸಾಗಿ ಮದರಾಸಿನ ಬಾಗಿಲಲ್ಲಿ ನಿಂತನು. ಆಂಗ್ಲರು ಅವನೊಡನೆ ಒಪ್ಪಂದ ಮಾಡಿಕೊಳ್ಳಲೇಬೇಕಾಯಿತು. ಎರಡು ವರ್ಷಗಳೊಳಗೆ ಮೇಲುಕೋಟೆಯ ಬಳಿಯ ಚಿನಕುರಳಿಯಲ್ಲಿ ಮರಾಠರು ಇದೇ ದಂಡನ್ನು ಧೂಳೀಪಟ ಮಾಡಿದರು. ಹೈದರನು ಕುಗ್ಗದೆ ಮತ್ತೆ ಕಟ್ಟಿದನು. 1780ರಲ್ಲಿ ಅವನು ಕರ್ನಾಟಕದ ಘಟ್ಟವಿಳಿದು ಆರ್ಕಾಟಿನ ಸೀಮೆಗೆ ನುಗ್ಗಿದಾಗ ಅವನ ಹಿಂದೆ 80,000ಕ್ಕೂ ಮಿಕ್ಕಿದ ಜನರಿದ್ದರು. ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಬೇಲಿಯ ಆಂಗ್ಲ ಸೈನ್ಯವು ಪೂರ್ಣವಾಗಿ ನಾಶವಾಯಿತು.

ಇಲ್ಲಿಗೆ ನಿಲ್ಲಿಸಿದರೆ ಹೈದರನ ಸ್ತುತಿಯಾದೀತು, ಚರಿತ್ರೆಯಾಗದು. 1779ರಲ್ಲಿ ಚಿತ್ರದುರ್ಗವನ್ನು ಗೆದ್ದಾಗ ಅವನು ಮದಕರಿನಾಯಕನನ್ನು ಸೆರೆಯಲ್ಲಿಟ್ಟದ್ದಲ್ಲದೆ ಸುಮಾರು 20,000 ಬೇಡರನ್ನು ಮನೆ ಬಿಡಿಸಿ ಶ್ರೀರಂಗಪಟ್ಟಣದ ಕಡೆಗೆ ಸಾಗಿಸಿದನು. ಅವರ ಹುಡುಗರನ್ನು ಆರಿಸಿ, ಮತ ಬದಲಿಸಿ, ಚೇಲಾ ಪಟಾಲಮುಗಳನ್ನು ಕಟ್ಟಿದನು. ತಾಯಿಯ ಕೈಯಿಂದ ಬಿಡಿಸಿ ತಂದ ಮಗುವನ್ನೂ ಒಂದು ಅಂಕಿಯಾಗಿ ಹಾಜರಿಗೆ ಸೇರಿಸಲಾಯಿತು. ಶತ್ರುವಿಗೆ ಕಾಳು ಸಿಗಬಾರದೆಂದು ಮದರಾಸಿನ ಸುತ್ತಣ ಹಳ್ಳಿಗಳನ್ನು ಸುಡಿಸಿದನು. ತನ್ನ ಸೈನಿಕನ ಹೊಟ್ಟೆಯನ್ನು ಅಷ್ಟು ಚೆನ್ನಾಗಿ ಅರಿತವನು ಬೇರೆಯವರ ಹೊಟ್ಟೆಯನ್ನು ಅರಿಯಲಿಲ್ಲವೆಂದಲ್ಲ. ಅರಿತೇ ಅದನ್ನು ಆಯುಧ ಮಾಡಿಕೊಂಡನು.

1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ಪಾಳೆಯದಲ್ಲಿ, ಬೆನ್ನಿನ ಹುಣ್ಣಿನಿಂದ ಹೈದರನು ತೀರಿಕೊಂಡನು. ಆಗ ಟಿಪ್ಪುವು ಮಲಬಾರಿನಲ್ಲಿದ್ದನು. ಒಡೆಯನು ಸತ್ತನೆಂದು ತಿಳಿದರೆ ದಂಡು ಒಡೆದುಹೋದೀತೆಂದು ಪೂರ್ಣಯ್ಯ ಮತ್ತು ಕೃಷ್ಣರಾಯರು ಮರಣವನ್ನು ಬಚ್ಚಿಟ್ಟರು. ಶವವನ್ನು ಪೆಟ್ಟಿಗೆಯಲ್ಲಿಟ್ಟು ಬೊಕ್ಕಸದ ಹಣವೆಂಬಂತೆ ಕೋಲಾರಕ್ಕೆ ಸಾಗಿಸಿದರು. ಮಗನು ಬಂದು ಸೇರುವವರೆಗೆ ಆ ದಂಡು ಕದಲಲಿಲ್ಲ. ಮೂರು ವರ್ಷಗಳಲ್ಲಿ ಅದೇ ದಂಡು ನಮ್ಮ ನೆರೆಯ ನರಗುಂದವನ್ನು ಮುತ್ತಿತು. 1787ರಲ್ಲಿ ಗಜೇಂದ್ರಗಡದ ಒಪ್ಪಂದವಾದ ಮೇಲೆಯೇ ಈ ಎರೆನಾಡಿಗೆ ತುಸು ಉಸಿರು ಬಂದಿತು.

ಹೈದರನ ಹೆಸರು ಉಳಿಯಿತು. ಅವನ 80,000 ಜನರ ಹೆಸರುಗಳು ಎಲ್ಲಿ? ಅಕ್ಷರ ಬಲ್ಲವರು ಬರೆದ ಕಾಗದಗಳಲ್ಲಿ ಅಕ್ಷರವರಿಯದವರು ಬರಿಯ ಅಂಕಿಗಳಾಗಿ ಉಳಿದರು. ನನ್ನ ಮನೆತನದಲ್ಲಿ ಪುಸ್ತಕ ಹಿಡಿದು ಕಾಲೇಜಿಗೆ ಬಂದವರಲ್ಲಿ ನಾನೇ ಮೊದಲಿಗ. ನನ್ನ ಹಿರಿಯರು ಆ ಕಾಲದಲ್ಲಿ ನೇಗಿಲು ಹಿಡಿದಿದ್ದರೋ ಭಲ್ಲೆ ಹಿಡಿದಿದ್ದರೋ ತಿಳಿಸುವ ಒಂದು ಸಾಲೂ ನಮ್ಮ ಮನೆಯಲ್ಲಿಲ್ಲ. ಇತಿಹಾಸವನ್ನು ಓದುವ ಮಿತ್ರರು ಸೈನ್ಯದ ಸಂಖ್ಯೆ ಬಂದಲ್ಲಿ ಒಂದು ಕ್ಷಣ ನಿಲ್ಲಬೇಕು. ಆ ಸಂಖ್ಯೆಯ ಒಂದೊಂದು ಬಿಡಿಗೂ ಒಂದು ಮನೆ, ಒಂದು ಹೊಲ, ಕಾಯುತ್ತ ಕುಳಿತ ಒಂದು ಸಂಸಾರವಿತ್ತು. ಹೈದರನು ಆ ಸಂಖ್ಯೆಯನ್ನು ಬೆಳೆಸಿದುದರಿಂದ ದೊಡ್ಡವನಾದನು. ಆ ಸಂಖ್ಯೆಯೊಳಗಿನ ಮನುಷ್ಯನನ್ನು ಹುಡುಕುವ ಕೆಲಸವು ನಮ್ಮ ಪಾಲಿಗೆ ಉಳಿದಿದೆ.