ಲಕ್ಷ್ಮಣರಾವ್ ಕಿರ್ಲೋಸ್ಕರರು

ಬಂಡವಾಳವಿಲ್ಲದವನಲ್ಲಿ ಉದ್ಯಮದ ಸಂಕಲ್ಪವೇ ಹುಟ್ಟದೆಂಬ ಮಾತನ್ನು ನಾವು ಒಪ್ಪಲಾರೆವು. 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದ ಲಕ್ಷ್ಮಣರಾಯರು ಚಿತ್ರಕಲೆಯನ್ನು ಕಲಿಯಲು ಮುಂಬಯಿಗೆ ಹೋದರು. ಬಣ್ಣಗಳ ಭೇದವು ಕಣ್ಣಿಗೆ ಸರಿಯಾಗಿ ತೋರದ್ದರಿಂದ ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತು, ಅದನ್ನೇ ಬೋಧಿಸುವವರಾದರು. ತಮಗೆ ಸಲ್ಲಬೇಕಾದ ಬಡತಿಯು ಆಂಗ್ಲೋ-ಇಂಡಿಯನ್ ಒಬ್ಬನ ಪಾಲಾದಾಗ ನೌಕರಿಯನ್ನೇ ತೊರೆದರು. ಪಿಂಚಣಿಯ ನೆಳಲನ್ನು ನೆಚ್ಚಿದ ನಮ್ಮ ಅಧಿಕಾರಿಬಂಧುಗಳಿಗೆ ಇದು ದುಡುಕೆನಿಸೀತು. ಆದರೆ ಅಪಮಾನವೊಂದೇ ಯಾರನ್ನೂ ಉದ್ಯಮಿಯನ್ನಾಗಿಸದು. ಬೆಳಗಾವಿಯಲ್ಲಿ ಅಣ್ಣನೊಡನೆ ನಡೆಸುತ್ತಿದ್ದ ಸೈಕಲ್ ವ್ಯಾಪಾರವು ಅವರಿಗೆ ಕಾಲೂರಲು ನೆಲೆಯಾಗಿತ್ತು. ಅಲ್ಲಿಯೇ ಕಬ್ಬಿಣದ ನೇಗಿಲನ್ನು ಮಾಡಿದರು. ಕಬ್ಬಿಣವು ಭೂಮಿಗೆ ವಿಷವೆಂದು ರೈತರು ಹಿಂಜರಿದರು. ಪುರಸಭೆಯು ಕಾರ್ಖಾನೆಯ ಜಾಗವನ್ನು ತೆರವುಮಾಡಿಸಿತು. ಔಂಧದ ಅರಸರು ನೆಲವನ್ನೂ ಸಾಲವನ್ನೂ ಕೊಡಲು, 1910ರಲ್ಲಿ ಕುಂಡಲದ ಬಳಿಯ ಬರಡುನೆಲದಲ್ಲಿ ಕಿರ್ಲೋಸ್ಕರವಾಡಿಯು ತಲೆಯೆತ್ತಿತು.