ಜಿಮ್ ಕಾರ್ಬೆಟ್

ಎಡ್ವರ್ಡ್ ಜೇಮ್ಸ್ ಕಾರ್ಬೆಟ್ (ಜುಲೈ 25, 1875 – ಏಪ್ರಿಲ್ 19, 1955) ಹಿಮಾಲಯದ ತಪ್ಪಲಿನ ಕುಮಾಂವ್ ಹಾಗೂ ಗಢವಾಲ್ ಪ್ರದೇಶಗಳಲ್ಲಿ ನರಭಕ್ಷಕ ಹುಲಿ ಮತ್ತು ಚಿರತೆಗಳನ್ನು ಕೊಂದು ಹಳ್ಳಿಗರಿಗೆ ನೆಮ್ಮದಿ ತಂದ ಬೇಟೆಗಾರ, ಬರಹಗಾರ ಹಾಗೂ ವನ್ಯಜೀವಿ ಸಂರಕ್ಷಣೆಯ ಆರಂಭಿಕ ಪ್ರತಿಪಾದಕರಲ್ಲಿ ಒಬ್ಬರು. ಉತ್ತರಾಖಂಡದ ಕಾರ್ಬೆಟ್ ರಾಷ್ಟ್ರೀಯ ಉದ್ಯಾನಕ್ಕೆ ಇವರ ಹೆಸರನ್ನೇ ಇಡಲಾಗಿದೆ. ಇವರು ಬಳಸಿದ ಬಂದೂಕುಗಳ ಕಥೆ ಇವರ ಜೀವನಕಥೆಯೊಡನೆ ಹೆಣೆದುಕೊಂಡಿರುವುದರಿಂದ ಈ ಲೇಖನದಲ್ಲಿ ಅದಕ್ಕೆ ಹೆಚ್ಚಿನ ಸ್ಥಳ ನೀಡಲಾಗಿದೆ.

ಬಾಲ್ಯ ಮತ್ತು ಮೊದಲ ಕೋವಿ

ಕಾರ್ಬೆಟ್ ಹುಟ್ಟಿದ್ದು ನೈನಿತಾಲ್‌ನಲ್ಲಿ. ತಂದೆ ಕ್ರಿಸ್ಟೋಫರ್ ವಿಲಿಯಂ ಕಾರ್ಬೆಟ್ ಅಲ್ಲಿನ ಪೋಸ್ಟ್‌ಮಾಸ್ಟರ್ ಆಗಿದ್ದರು. ತಾಯಿ ಮೇರಿ ಜೇನ್. ಬೇಸಿಗೆಯನ್ನು ನೈನಿತಾಲ್‌ನಲ್ಲಿಯೂ ಚಳಿಗಾಲವನ್ನು ಬೆಟ್ಟದ ಕೆಳಗಿನ ಕಾಲಾಢುಂಗಿಯಲ್ಲಿಯೂ ಕಳೆಯುತ್ತಿದ್ದ ದೊಡ್ಡ ಕುಟುಂಬವದು. 1881ರಲ್ಲಿ ತಂದೆ ತೀರಿಕೊಂಡಾಗ ಜಿಮ್‌ಗೆ ಇನ್ನೂ ಆರು ವರ್ಷ ತುಂಬಿರಲಿಲ್ಲ. ಹಿರಿಯಣ್ಣ ಟಾಮ್ ಮನೆಯ ಹೊಣೆ ಹೊತ್ತರು.

ಕಾಲಾಢುಂಗಿಯ ಕಾಡಿನಲ್ಲಿ ಕವಣೆ ಹಿಡಿದು ಅಲೆಯುತ್ತಿದ್ದ ಬಾಲಕನಿಗೆ ಮೊದಲ ಕೋವಿ ದೊರೆತದ್ದು ಬಂಧು ಸ್ಟೀಫನ್ ಡೀಸ್ ಅವರಿಂದ. ಕುಮಾಂವ್‌ನ ಪಕ್ಷಿಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದ ಡೀಸ್‌ಗೆ ಜಿಮ್ ಹಕ್ಕಿಗಳ ಮಾದರಿಗಳನ್ನು ಒದಗಿಸಿದ್ದನು. ಅದಕ್ಕೆ ಪ್ರತಿಯಾಗಿ ಬಂದ ಈ ಕೋವಿ ಬಾಯಿಂದ ಮದ್ದು ತುಂಬುವ ಜೋಡು ನಳಿಗೆಯ ಹಳೆಯ ಆಯುಧ. ನಮ್ಮ ಮಲೆನಾಡಿನಲ್ಲಿ ಕೇಪಿನ ಕೋವಿ ಎನ್ನುವಂಥದ್ದು. ಅದರ ಒಂದು ನಳಿಗೆ ಸೀಳಿಹೋಗಿತ್ತು. ನಳಿಗೆಗಳು ಮರದ ಹಿಡಿಯಿಂದ ಕಳಚಿಕೊಳ್ಳದಂತೆ ಹಿತ್ತಾಳೆಯ ತಂತಿ ಸುತ್ತಿ ಬಿಗಿಯಲಾಗಿತ್ತು. ಇಂತಹ ಕೋವಿಯಲ್ಲಿ ಒಂದು ಈಡು ಹಾರಿಸಿದ ಮೇಲೆ ಮದ್ದು ಸುರಿದು, ಗಜದಿಂದ ಜಡಿದು, ಚರೆ ಹಾಕಿ, ಕೇಪು ಕೂರಿಸುವಷ್ಟರಲ್ಲಿ ಪ್ರಾಣಿ ಕಣ್ಮರೆಯಾಗಿರುತ್ತದೆ, ಇಲ್ಲವೇ ಮೈಮೇಲೆ ಬಂದಿರುತ್ತದೆ. ಕಾರ್ಬೆಟ್ ಮುಂದೆ ಅತಿ ಹತ್ತಿರದಿಂದ, ಖಚಿತವಾದ ಗುರಿಗಾಗಿ ಕಾಯುವ ಬೇಟೆಗಾರರಾದುದಕ್ಕೆ ಈ ಒಂಟಿ ಈಡಿನ ಶಿಸ್ತು ಬುನಾದಿ ಹಾಕಿತೆಂದು ಭಾವಿಸಲು ಅವಕಾಶವಿದೆ. ಕಾಡಿನ ಉಳಿದ ಪಾಠಗಳನ್ನು ಹೇಳಿಕೊಟ್ಟವರಲ್ಲಿ ಊರಿನ ಮುಖಂಡನೂ ಕಳ್ಳಬೇಟೆಯಲ್ಲಿ ನುರಿತವನೂ ಆದ ಕುಂವರ್ ಸಿಂಗ್ ಪ್ರಮುಖನು.

ಸುಮಾರು ಹತ್ತನೆಯ ವಯಸ್ಸಿಗೆ ನೈನಿತಾಲ್‌ನ ಸ್ವಯಂಸೇವಕ ದಳದಲ್ಲಿ ಕೆಡೆಟ್ ಆಗಿದ್ದಾಗ, ದಳದ ಸಾರ್ಜೆಂಟ್ ಮೇಜರ್ ಅವರು ಸೈನ್ಯದ .450 ಮಾರ್ಟಿನಿ ರೈಫಲ್ ಒಂದನ್ನು ಎರವಲು ನೀಡಿದರು. ತೋಟಾಗಳನ್ನೂ ಅವರೇ ಒದಗಿಸಿದರು. ಷರತ್ತು ಎರಡೇ: ರೈಫಲ್ಲನ್ನು ಶುಚಿಯಾಗಿಡಬೇಕು, ಖಾಲಿ ತೋಟಾ ಕೋಶಗಳನ್ನು ಹಿಂದಿರುಗಿಸಬೇಕು. ಕಾರ್ಬೆಟ್ ತಮ್ಮ ಮೊದಲ ಚಿರತೆಯನ್ನು ಹೊಡೆದದ್ದು ಈ ಎರವಲು ರೈಫಲ್ಲಿನಿಂದಲೇ.

ವೃತ್ತಿ

ಹದಿಹರೆಯ ಮುಗಿಯುವ ಮುನ್ನವೇ ಬೆಂಗಾಲ್ ಅಂಡ್ ನಾರ್ತ್ ವೆಸ್ಟರ್ನ್ ರೈಲ್ವೆಯ ಕೆಲಸಕ್ಕೆ ಸೇರಿದ ಕಾರ್ಬೆಟ್, ಬಿಹಾರದ ಮೊಕಾಮೆ ಘಾಟ್‌ನಲ್ಲಿ ಗಂಗಾನದಿಯ ದಂಡೆಯ ಮೇಲೆ ಸರಕು ಸಾಗಣೆಯ ಗುತ್ತಿಗೆದಾರರಾಗಿ ಎರಡು ದಶಕಗಳಿಗೂ ಹೆಚ್ಚು ಕಾಲ ದುಡಿದರು. ನರಭಕ್ಷಕಗಳ ಬೇಟೆ ಅವರ ವೃತ್ತಿಯಾಗಿರಲಿಲ್ಲ. ಅದರಲ್ಲಿ ಬಹುಭಾಗ ರಜೆಯ ದಿನಗಳಲ್ಲಿ ನಡೆದದ್ದು. ಮೊದಲ ಮಹಾಯುದ್ಧದಲ್ಲಿ ಕುಮಾಂವ್‌ನ 500 ಮಂದಿಯ ಕಾರ್ಮಿಕ ಪಡೆಯನ್ನು ಕಟ್ಟಿಕೊಂಡು ಫ್ರಾನ್ಸ್‌ಗೆ ಹೋದರು. ಎರಡನೆಯ ಮಹಾಯುದ್ಧದಲ್ಲಿ ಸೈನಿಕರಿಗೆ ಕಾಡಿನ ಯುದ್ಧದ ತರಬೇತಿ ನೀಡಿದರು.

ಚಂಪಾವತ್ ಮತ್ತು ಮೂರು ತೋಟಾಗಳು

1907ರಲ್ಲಿ ಕಾರ್ಬೆಟ್ ಕೊಂದ ಚಂಪಾವತ್‌ನ ಹೆಣ್ಣುಹುಲಿ, ಲೆಕ್ಕಕ್ಕೆ ಸಿಕ್ಕಂತೆ ನೇಪಾಳದಲ್ಲಿ 200, ಕುಮಾಂವ್‌ನಲ್ಲಿ 236, ಒಟ್ಟು 436 ಜನರನ್ನು ಬಲಿ ತೆಗೆದುಕೊಂಡಿತ್ತು. ಸೊಪ್ಪುಸೌದೆಗೆ ಕಾಡಿಗೆ ಹೋಗುವ ಹೆಂಗಸರೇ ಅದಕ್ಕೆ ಹೆಚ್ಚಾಗಿ ಆಹಾರವಾಗುತ್ತಿದ್ದರು. ಭಯದಿಂದ ಹಳ್ಳಿಗರು ಮನೆಯ ಬಾಗಿಲು ತೆರೆಯುತ್ತಿರಲಿಲ್ಲ. 1878ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಭಾರತೀಯರಿಗೆ ಬಂದೂಕು ಇಟ್ಟುಕೊಳ್ಳಲು ಪರವಾನಗಿ ಬೇಕಿತ್ತು, ಯುರೋಪಿಯನ್ನರಿಗೆ ವಿನಾಯಿತಿ ಇತ್ತು ಎಂಬುದನ್ನು ಇಲ್ಲಿ ನೆನೆಯಬೇಕು.

ಕಾರ್ಬೆಟ್ ಒಯ್ದಿದ್ದುದು ಸೌಮ್ಯ ಪ್ರಮಾಣದ ಕಾರ್ಡೈಟ್ ತುಂಬಿದ ತೋಟಾ ಬಳಸುವ .500 ರೈಫಲ್. ಕರಿಮದ್ದಿನ ಕಾಲ ಮುಗಿದು ಹೊಗೆಯಿಲ್ಲದ ಕಾರ್ಡೈಟ್ ಬಂದಾಗ, ಹಳೆಯ ನಳಿಗೆಗಳು ಅದರ ಪೂರ್ಣ ಒತ್ತಡವನ್ನು ತಾಳಲಾರವೆಂದು ಕಡಿಮೆ ಪ್ರಮಾಣದ ಇಂತಹ ತೋಟಾಗಳನ್ನು ತಯಾರಿಸಲಾಗುತ್ತಿತ್ತು. ಅಂದು ಅವರ ಬಳಿ ಇದ್ದ ತೋಟಾಗಳು ಮೂರೇ. ತಹಶೀಲ್ದಾರರು ಕಲೆಹಾಕಿದ್ದ ಸುಮಾರು 300 ಮಂದಿ ಗದ್ದಲವೆಬ್ಬಿಸಿ ಕಾಡು ಸೋಯ್ದಾಗ ಹುಲಿ ಹೊರಬಂದಿತು. ಮೂರು ಈಡೂ ಮುಗಿದವು; ಗಾಯಗೊಂಡ ಹುಲಿ ಎದುರಿಗೇ ಉಳಿಯಿತು. ಕಾರ್ಬೆಟ್ ಬೆಟ್ಟವೇರಿ ಓಡಿ ತಹಶೀಲ್ದಾರರ ಕೋವಿಯನ್ನು ಪಡೆದು ಮರಳಿದರು. ಅದನ್ನು ಹತ್ತಿರದಿಂದ ನೋಡಿದಾಗ ನಳಿಗೆಗೂ ಹಿಂಬದಿಯ ತಡೆಗೂ ನಡುವೆ ಸಂದು ಬಿಟ್ಟಿತ್ತು. ಹಾರಿಸಿದರೆ ಕೋವಿಯೇ ಸಿಡಿದು ಹಾರಿಸಿದವನ ಕಣ್ಣು ಹೋಗುವ ಸಂಭವವಿತ್ತು. ಬೇರೆ ದಾರಿಯಿಲ್ಲದೆ ಸುಮಾರು ಇಪ್ಪತ್ತು ಅಡಿ ದೂರದಿಂದ ಹಾರಿಸಿದರು. ಬಾಯಿಗೆ ಇಟ್ಟ ಗುರಿ ತಪ್ಪಿ ಗುಂಡು ಪಂಜಕ್ಕೆ ತಾಗಿತು. ಅದೃಷ್ಟವಶಾತ್ ಮೊದಲಿನ ಗಾಯಗಳಿಂದಲೇ ಹುಲಿ ಸಾವಿನ ಅಂಚು ತಲುಪಿದ್ದರಿಂದ ಅಲ್ಲಿಯೇ ಕುಸಿಯಿತು.

.275 ರಿಗ್ಬಿ ಮತ್ತು ನಂತರದ ಬೇಟೆಗಳು

ಈ ಸಾಹಸಕ್ಕಾಗಿ ಸಂಯುಕ್ತ ಪ್ರಾಂತದ ಲೆಫ್ಟಿನೆಂಟ್ ಗವರ್ನರ್ ಸರ್ ಜಾನ್ ಹೆವೆಟ್ ಅವರು ಕಾರ್ಬೆಟ್‌ಗೆ ಲಂಡನ್ನಿನ ರಿಗ್ಬಿ ಕಂಪನಿಯ .275 ರೈಫಲ್ಲನ್ನು ಬಹುಮಾನವಾಗಿ ನೀಡಿದರು. ಅದರ ಹಿಡಿಯ ಮೇಲೆ ಬೆಳ್ಳಿಯ ಫಲಕವೊಂದನ್ನು ಕೂರಿಸಲಾಗಿದೆ. .275 ರಿಗ್ಬಿ ಎಂಬುದು ಜರ್ಮನಿಯ 7×57 ಮಿ.ಮೀ. ಮೌಸರ್ ತೋಟಾಕ್ಕೆ ಇಂಗ್ಲಿಷರು ಇಟ್ಟ ಹೆಸರು. ಅನೇಕ ದೇಶಗಳ ಸೈನ್ಯಗಳು ಬಳಸಿದ ತೋಟಾ ಅದಾದ್ದರಿಂದ ಒಂದು ಶತಮಾನ ಕಳೆದರೂ ಅದರ ತಯಾರಿಕೆ ನಿಂತಿಲ್ಲ. ಹಳೆಯ ರೈಫಲ್ ಉಳಿದು ತೋಟಾ ಇಲ್ಲವಾಗುವ ಪಾಡು ಈ ಬಂದೂಕಿಗೆ ಬರಲಿಲ್ಲ.

ಎಲ್ಲ ಅಳತೆಗಳಿಗೂ ಈ ಭಾಗ್ಯವಿರಲಿಲ್ಲ. 20ನೆಯ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷ್ ಸರ್ಕಾರ, ದಂಗೆಕೋರರ ಕೈಸೇರಿದ ಮಾರ್ಟಿನಿ ರೈಫಲ್ಲುಗಳಿಗೆ ಗುಂಡು ಸಿಗಬಾರದೆಂದು, ಭಾರತಕ್ಕೆ .450 ಅಳತೆಯ ತೋಟಾಗಳ ಆಮದನ್ನು ನಿಷೇಧಿಸಿತು. ಬಂದೂಕು ತಯಾರಕರು .465, .470 ಮುಂತಾದ ಹೊಸ ಅಳತೆಗಳನ್ನು ತಂದದ್ದು ಈ ಕಾರಣಕ್ಕೆ. ಕಾರ್ಬೆಟ್ ದೊಡ್ಡ ಬೇಟೆಗೆ ಬಳಸಿದ .450/400 ಜೋಡುನಳಿಗೆಯಲ್ಲಿ, ಹೆಸರು ಏನೇ ಇರಲಿ, ಹಾರುವುದು .400 ಅಳತೆಯ ಗುಂಡು.

ಗಢವಾಲ್‌ನಲ್ಲಿ ಕೇದಾರನಾಥ ಮತ್ತು ಬದರೀನಾಥ ಯಾತ್ರೆಯ ದಾರಿಯಲ್ಲಿ 1918ರಿಂದ 1926ರವರೆಗೆ 125 ಜನರನ್ನು ಕೊಂದ ರುದ್ರಪ್ರಯಾಗದ ಚಿರತೆಯನ್ನು ಕಾರ್ಬೆಟ್ ಕೊಂದದ್ದು .275 ರೈಫಲ್ಲಿನಿಂದ. ಗುಲಾಬ್‌ರಾಯ್‌ನಲ್ಲಿ ಮಾವಿನ ಮರದ ಮೇಲೆ ಕುಳಿತು, ನಳಿಗೆಗೆ ಕಟ್ಟಿದ್ದ ಟಾರ್ಚಿನ ಬೆಳಕಿನಲ್ಲಿ ಒಂದೇ ಗುಂಡು ಹಾರಿಸಿದರು. ಮರುಕ್ಷಣವೇ ಟಾರ್ಚು ಆರಿತು. ಚಿರತೆ ಸತ್ತಿತೋ ಉಳಿಯಿತೋ ತಿಳಿಯಲು ಬೆಳಗಾಗುವವರೆಗೆ ಕಾಯಬೇಕಾಯಿತು. 1930ರಲ್ಲಿ ಚೌಗಢದ ಹೆಣ್ಣುಹುಲಿ ಕೆಲವೇ ಅಡಿಗಳಲ್ಲಿ ಎದುರಾದಾಗ ಅವರ ಎಡಗೈಯಲ್ಲಿ ದಾರಿಯಲ್ಲಿ ಸಿಕ್ಕ ಹಕ್ಕಿಮೊಟ್ಟೆಗಳಿದ್ದವು. ಹಗುರವಾದ ರಿಗ್ಬಿಯನ್ನು ಒಂದೇ ಕೈಯಲ್ಲಿ ನಿಧಾನವಾಗಿ ತಿರುಗಿಸಿ ಹೊಡೆದರು. ಭಾರವಾದ ಜೋಡುನಳಿಗೆಯಿಂದ ಇದು ಸಾಧ್ಯವಾಗುತ್ತಿರಲಿಲ್ಲ. 1938ರಲ್ಲಿ ಕೊಂದ ಠಾಕ್‌ನ ಹುಲಿ ಅವರ ಕೊನೆಯ ನರಭಕ್ಷಕ. ಆಗ ಅವರಿಗೆ 63 ವರ್ಷ.

ಸಂರಕ್ಷಣೆ, ಬರವಣಿಗೆ, ಕೊನೆಯ ದಿನಗಳು

ಮೋಜಿನ ಬೇಟೆಯಿಂದ ಕ್ರಮೇಣ ದೂರ ಸರಿದ ಕಾರ್ಬೆಟ್ ಹುಲಿಗಳನ್ನು ಕ್ಯಾಮೆರಾದಲ್ಲಿ ಹಿಡಿಯುವುದರಲ್ಲಿ ತೊಡಗಿದರು. 1936ರಲ್ಲಿ ಭಾರತದ ಮೊದಲ ರಾಷ್ಟ್ರೀಯ ಉದ್ಯಾನವಾದ ಹೈಲಿ ಉದ್ಯಾನದ ಸ್ಥಾಪನೆಗೆ ನೆರವಾದರು. ಅವರ ಮರಣದ ನಂತರ ಅದೇ ಕಾರ್ಬೆಟ್ ಉದ್ಯಾನವಾಯಿತು. 1944ರಲ್ಲಿ ಪ್ರಕಟವಾದ ಮ್ಯಾನ್‌ಈಟರ್ಸ್ ಆಫ್ ಕುಮಾಂವ್ ಅವರಿಗೆ ಜಗತ್ತಿನಾದ್ಯಂತ ಓದುಗರನ್ನು ತಂದಿತು. ಮೈ ಇಂಡಿಯಾ (1952) ಮತ್ತು ಜಂಗಲ್ ಲೋರ್ (1953) ನಂತರದ ಕೃತಿಗಳು. ಬಾಲ್ಯದ ಕೋವಿಗಳ ವಿವರಗಳು ಇರುವುದು ಎರಡನೆಯದರಲ್ಲಿ.

ಕನ್ನಡದಲ್ಲಿ ಪೂರ್ಣಚಂದ್ರ ತೇಜಸ್ವಿ ಅವರ ರುದ್ರಪ್ರಯಾಗದ ಭಯಾನಕ ನರಭಕ್ಷಕ ಕಾರ್ಬೆಟ್ ಕೃತಿಯ ಅನುವಾದ. ತೇಜಸ್ವಿಯವರ ಕಾಡಿನ ಕತೆಗಳು ಮಾಲಿಕೆಯ ಮೂಲ ಲೇಖಕ ಬೆಂಗಳೂರಿನ ಕೆನೆತ್ ಆಂಡರ್ಸನ್. ಇಬ್ಬರನ್ನೂ ಒಬ್ಬರೆಂದು ತಿಳಿಯುವವರು ಇಂದಿಗೂ ಇದ್ದಾರೆ. ಆಂಡರ್ಸನ್ ಅವರದು ದಕ್ಷಿಣದ ಕಾಡು, ಬಳಸಿದ್ದು .405 ವಿಂಚೆಸ್ಟರ್.

1947ರ ಕೊನೆಯಲ್ಲಿ ಕಾರ್ಬೆಟ್ ಅಕ್ಕ ಮ್ಯಾಗಿಯೊಡನೆ ಕೀನ್ಯಾದ ನ್ಯೇರಿಗೆ ತೆರಳಿ ನೆಲೆಸಿದರು. 1955ರಲ್ಲಿ ಹೃದಯಾಘಾತದಿಂದ ಅಲ್ಲಿಯೇ ನಿಧನರಾದರು. ಅವರ .275 ರೈಫಲ್ ಪ್ರಕಾಶಕರಾದ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನ ವಶದಲ್ಲಿದ್ದು, ಮುಂದೆ ಅದನ್ನು ತಯಾರಿಸಿದ ರಿಗ್ಬಿ ಕಂಪನಿಗೇ ಮರಳಿತು. 2016ರಲ್ಲಿ ಕಂಪನಿಯವರು ಅದನ್ನು ಭಾರತಕ್ಕೆ ತಂದು ಪ್ರದರ್ಶಿಸಿದರು. .450/400 ಜೋಡುನಳಿಗೆ ಒಂದು ಕಾಲದಲ್ಲಿ ಅಮೆರಿಕದ ಬಂದೂಕು ತಜ್ಞ ಎಲ್ಮರ್ ಕೀತ್ ಅವರ ಸಂಗ್ರಹದಲ್ಲಿತ್ತು. ಕಾಲಾಢುಂಗಿಯ ಬಳಿ ಕಾರ್ಬೆಟ್ ನೆಲೆಗೊಳಿಸಿದ ಛೋಟಿ ಹಲ್ದ್ವಾನಿ ಗ್ರಾಮದಲ್ಲಿ, ಅವರು ಹಳ್ಳಿಗನೊಬ್ಬನಿಗೆ ಕೊಟ್ಟುಹೋದ ಕೋವಿಯೊಂದು ಆ ಕುಟುಂಬದಲ್ಲಿ ತಲೆಮಾರಿನಿಂದ ತಲೆಮಾರಿಗೆ ಉಳಿದುಬಂದಿದೆ.